ಘಂಟಾ-ಜಾಲ ವೈರ ಮೀಮಾಂಸೆ: ಚಿಕ್ಕೋಡಿಯ ಒಂದು ಮನೆಯನ್ನು ಅನುಲಕ್ಷಿಸಿ

ಮನೆಯ ಫೋನು ಗಂಟೆ ಬಾರಿಸಿದೊಡನೆ ಇಂಟರ್ನೆಟ್ ಪ್ರಾಣ ಬಿಡುವುದೇಕೆ ಎಂಬ ಪ್ರಶ್ನೆಯನ್ನು ಪೂರ್ವಸೂರಿಗಳಾರೂ ಎತ್ತಿಕೊಂಡಂತಿಲ್ಲ. ಅವರು ಎತ್ತಿಕೊಂಡದ್ದು ಫೋನನ್ನು ಮಾತ್ರ.

ಪೂರ್ವಪಕ್ಷಗಳು ಹಲವು. ನಿಪ್ಪಾಣಿ ಪಂಥದ ಪ್ರಕಾರ ದೋಷವೆಲ್ಲ ಗಡಿಯದು. ಮನೆಯ ಕಟ್ಟೆಯ ಮೇಲೆ ಕೂತವನ ಮೊಬೈಲಿಗೇ 'ಮಹಾರಾಷ್ಟ್ರಕ್ಕೆ ಸ್ವಾಗತ' ಎಂಬ ಸಂದೇಶ ಬರುವ ಸೀಮೆಯಲ್ಲಿ ತರಂಗಗಳಿಗೆ ತಮ್ಮ ರಾಜ್ಯ ಯಾವುದೆಂಬ ಭ್ರಾಂತಿ ಸಹಜವಂತೆ. ರಾಯಬಾಗದವರು ಇಲಿಯನ್ನು ಪ್ರತಿಪಾದಿಸುತ್ತಾರೆ. ಅಥಣಿಯವರದು ಒಂದೇ ಸೂತ್ರ: 'ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ.' ಇದಕ್ಕೆ ಭಾಷ್ಯ ಬರೆದವರಿಲ್ಲ. ಕಾಗವಾಡ ಪಂಥ ಎಲ್ಲವನ್ನೂ ಕಬ್ಬಿನ ಟ್ರ್ಯಾಕ್ಟರ್ ಮೇಲೆ ಹೇರುತ್ತದೆ. ಆ ಬಡಗಾಡಿಗೆ ಇರುವ ಹೇರು ಸಾಲದೇ ಎಂದು ನಕ್ಕು ನಾನು ಈ ವಾದವನ್ನು ಕೈಬಿಟ್ಟೆ.

ಇನ್ನು ಕ್ಷೇತ್ರಕಾರ್ಯ. ಫೋನಿನ ತಾಮ್ರದ ತಂತಿಯ ಮೇಲೇ ಬ್ರಾಡ್‌ಬ್ಯಾಂಡ್ ಬರುತ್ತಿದ್ದ ಕಾಲ. ದಿನಾ ಸಂಜೆ ಏಳಕ್ಕೆ ನಿಪ್ಪಾಣಿಯಿಂದ ನಮ್ಮ ಆಯಿಯ ತಂಗಿ ಫೋನು ಹಚ್ಚುತ್ತಿದ್ದರು. ಚಿಕ್ಕೋಡಿಗೂ ನಿಪ್ಪಾಣಿಗೂ 08338 ಎಂಬ ಒಂದೇ ಎಸ್‌ಟಿಡಿ ಕೋಡ್; ಲೋಕಲ್ ಕಾಲ್ ಆದ್ದರಿಂದ ಮಾತಿಗೆ ಕಡಿವಾಣವಿಲ್ಲ. ಗಂಟೆ ಹೊಡೆದೊಡನೆ ಮೋಡೆಮ್‌ನ ಡಿಎಸ್‌ಎಲ್ ದೀಪ ಮಿಟುಕಿ ಆರುತ್ತಿತ್ತು. ಅಥಣಿಯ ಬೀಗರ ಕರೆಗೂ ಹಾಗೆಯೇ, ರಾಂಗ್ ನಂಬರಿಗೂ ಹಾಗೆಯೇ. ತವರು, ಬೀಗರು ಎಂಬ ಭೇದ ತಾಮ್ರಕ್ಕಿಲ್ಲವೆಂದು ಇದರಿಂದ ಸಿದ್ಧ. ಕಾಕತಾಳೀಯ ನ್ಯಾಯವೂ ಇಲ್ಲಿ ಸಲ್ಲದು: ಹನ್ನೊಂದು ಸಂಜೆ ಲೆಕ್ಕ ಇಟ್ಟೆ, ಹನ್ನೊಂದು ಸಲವೂ ಕಾಗೆ ಕೂತಿತು, ಟೊಂಗೆ ಮುರಿಯಿತು.

ಸಿದ್ಧಾಂತವೇನೆಂದರೆ, ಒಂದೇ ತಂತಿಯಲ್ಲಿ ಎರಡು ಸಂಸಾರ. ಮಾತು ಪಡಸಾಲೆಯಲ್ಲಿ, 300ರಿಂದ 3,400 ಹರ್ಟ್ಸ್‌ನಲ್ಲಿ. ಇಂಟರ್ನೆಟ್ ಅಟ್ಟದ ಮೇಲೆ, ಸುಮಾರು 25 ಸಾವಿರ ಹರ್ಟ್ಸ್‌ನಿಂದಾಚೆ. ಫೋನು ಕೆಳಗಿಟ್ಟಿರುವಾಗ ತಂತಿಯಲ್ಲಿ ಸುಮಾರು 48 ವೋಲ್ಟ್ ಇರುತ್ತದೆ. ಗಂಟೆ ಹೊಡೆಯುವಾಗ ಅದರ ಮೇಲೆ ಇನ್ನೂ ಸುಮಾರು 75 ವೋಲ್ಟ್ ಏರಿ ಕುಣಿಯುತ್ತದೆ. ಆ ಕುಣಿತ ಅಟ್ಟಕ್ಕೆ ತಟ್ಟದಂತೆ ನಡುವೆ ನಿಲ್ಲುವ ಡಬ್ಬಿಯ ಹೆಸರು ಸ್ಪ್ಲಿಟರ್.

'ನಮ್ಮಲ್ಲಿ ಸ್ಪ್ಲಿಟರ್ ಐತಲ್ಲ?' ಎಂದೆ. ದುರಸ್ತಿಗೆ ಬಂದಿದ್ದ ಲೈನ್‌ಮನ್ ಉತ್ತರಿಸದೆ ತಂತಿಯ ಜಾಡು ಹಿಡಿದು ಗೋಡೆಗುಂಟ ನಡೆದ. ಅಡುಗೆಮನೆಯಲ್ಲಿ, ಉಪ್ಪಿನಕಾಯಿ ಭರಣಿಯ ಹಿಂದೆ, ಪ್ಯಾರಲಲ್ ಫೋನು! ರೊಟ್ಟಿ ಬಡಿಯುತ್ತ ಮಾತಾಡಲೆಂದು ಆಯಿ ಹಿಂದೊಮ್ಮೆ ಹಾಕಿಸಿಕೊಂಡದ್ದು.

'ಇದು ಸ್ಪ್ಲಿಟರ್‌ಕಿಂತ ಮೊದಲ ಕೂಡೇತ್ರಿ ಸಾಹೇಬ್ರ. ಇದಕ್ಕ ಬ್ಯಾರೆ ಫಿಲ್ಟರ್ ಬೇಕು.'

ಫೋನನ್ನೇ ಕಿತ್ತುಬಿಡೋಣವೆಂದು ನಾನು ಸೂಚಿಸಿದಾಗ ಆಯಿ ಮಂಡಿಸಿದ ಆಕ್ಷೇಪ ಹೀಗಿದೆ: 'ಫೋನು ಮನಿಗೆ ಮೊದಲ ಬಂದದ್ದು. ನಿನ್ನ ನೆಟ್ಟು ಆಮ್ಯಾಲೆ ಬಂದದ್ದು. ಹೊಂದಿಕೊಂಡು ಹೋಗೂದು ಯಾರಪಾ?' ಇದರ ಖಂಡನೆ ನನಗಿನ್ನೂ ಹೊಳೆದಿಲ್ಲ. ಫಿಲ್ಟರ್ ತಂದೆ.

ದೀಪ ನಿಂತಿತು, ವೈಫೈ ಮಾತ್ರ ಮತ್ತೆ ಸಾಯತೊಡಗಿತು. ದೀಪ ಉರಿಯುತ್ತಿದ್ದೂ ವೈಫೈ ಸತ್ತರೆ ಜಗಳ ತಂತಿಯದಲ್ಲ, ಗಾಳಿಯದು. ತಮ್ಮ ಕೊಲ್ಹಾಪುರದಿಂದ ತಂದ ಕಾರ್ಡ್‌ಲೆಸ್ ಫೋನು ವೈಫೈಯಂತೆಯೇ 2.4 ಗಿಗಾಹರ್ಟ್ಸ್‌ನದು, ಎರಡೂ ಒಂದೇ ಟೇಬಲ್ ಮೇಲೆ. ಫೋನಿನ ಬುಡವನ್ನು ಆಚೆ ಕೋಣೆಗೆ ಒಯ್ದು ರೂಟರ್‌ನ ಚಾನೆಲ್ಲನ್ನು 6ರಿಂದ 11ಕ್ಕೆ ಬದಲಿಸಿದ ಮೇಲೆ ಉಭಯತ್ರರಿಗೂ ಶಾಂತಿ.

ಈಗ ಮನೆಗೆ ಫೈಬರ್ ಬಂದಿದೆ. ಬೆಳಕಿಗೆ ಗಂಟೆಯ ಬಾಧೆಯಿಲ್ಲ. ಆದರೂ ಈ ಪ್ರಬಂಧವನ್ನು ಸಂಪಾದಕರಿಗೆ ಅಂಚೆಯಲ್ಲೇ ಕಳಿಸುತ್ತಿದ್ದೇನೆ: ನಿನ್ನೆ ಸಂಜೆ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರ್ ನಮ್ಮ ಓಣಿಯ ಕೇಬಲನ್ನು ಹರಿದುಕೊಂಡು ಹೋಗಿದೆ. ಕಾಗವಾಡ ಪಂಥದವರು ಕ್ಷಮಿಸಬೇಕು.