ಕ್ರಿಯಾಟಿನಿನ್ನಿನದು ಯಾವ ಗೋತ್ರ?

ಸಂತೆಯಲ್ಲಿ ಅರ್ಧ ಕೆಜಿ ಬದನೆಕಾಯಿ ಕೊಳ್ಳುವವರು ತಕ್ಕಡಿ ಸೊನ್ನೆ ತೋರಿಸುತ್ತಿದೆಯಾ ಎಂದು ಕತ್ತು ಚಾಚಿ ನೋಡುತ್ತಾರೆ. ಸರಕಾರಕ್ಕೂ ಬದನೆಕಾಯಿಯ ಮೇಲೆ ಅಷ್ಟೇ ಕಾಳಜಿ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಡಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಬೀಳಬೇಕು. ಮುದ್ರೆ ಒತ್ತುವ ಇನ್ಸ್‌ಪೆಕ್ಟರ ಬಟ್ಟನ್ನು ಅದಕ್ಕಿಂತ ನಿಖರವಾದ ಇನ್ನೊಂದು ಬಟ್ಟಿನ ಜೊತೆ ತೂಗಿ ನೋಡಿರಬೇಕು, ಅದನ್ನು ಮತ್ತೊಂದರ ಜೊತೆ. ಹೀಗೆ ಮೇಲೇರುತ್ತ ಹೋದರೆ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದಲ್ಲಿರುವ 57ನೇ ನಂಬರಿನ ಕಿಲೋಗ್ರಾಂ ಸಿಗುತ್ತದೆ. 2019ರ ಮೇ 20ರಿಂದ ಅದರ ತಲೆಯ ಮೇಲೆ, ಕಿಲೋಗ್ರಾಂ ಎಂದರೆ ಎಷ್ಟೆಂದು ಹೇಳುವ ಪ್ಲಾಂಕ್ ಸ್ಥಿರಾಂಕ ಬೇರೆ ಕೂತಿದೆ. ಬದನೆಕಾಯಿ ಸಾಮಾನ್ಯ ಮನೆತನದ್ದಲ್ಲ ಸ್ವಾಮಿ.

ಅದೇ ಗಿರಾಕಿ ಮಾರನೆಯ ಬೆಳಿಗ್ಗೆ ಖಾಲಿಹೊಟ್ಟೆಯಲ್ಲಿ ಲ್ಯಾಬಿಗೆ ಹೋಗಿ ತೋಳು ಚಾಚಿ ಕೂರುತ್ತಾನೆ. ಎರಡು ಟ್ಯೂಬ್ ರಕ್ತ ಕೊಡುತ್ತಾನೆ. ಕೇಳುವುದು ಇಷ್ಟೇ: ರಿಪೋರ್ಟ್ ಎಷ್ಟೊತ್ತಿಗೆ ಬರುತ್ತೆ, ವಾಟ್ಸಾಪಿಗೆ ಹಾಕ್ತೀರಾ, ಹೋದ ಸಲ ಕೊಟ್ಟ ಡಿಸ್ಕೌಂಟ್ ಈ ಸಲ ಯಾಕಿಲ್ಲ. ಬರುವ ಅಂಕಿಯನ್ನು ನಂಬಿ ಜೀವನಪೂರ್ತಿ ಮಾತ್ರೆ ನುಂಗುವವನು ಆ ಅಂಕಿ ಯಾರ ಮನೆಯದು ಎಂದು ಮಾತ್ರ ಕೇಳುವುದಿಲ್ಲ. ಮಗಳ ಸಂಬಂಧ ಬಂದಾಗ ಹುಡುಗನ ಗೋತ್ರ, ಸೂತ್ರ, ಸೋದರಮಾವನ ಸಾಲ ಎಲ್ಲ ಜಾಲಾಡುವ ಮಹನೀಯ ಈತನೇ.

ಅಂಕಿಗೂ ವಂಶಾವಳಿ ಇರುತ್ತದೆ. ರಿಪೋರ್ಟಿನಲ್ಲಿ ಕಿಡ್ನಿಯ ಕ್ಷೇಮ ಹೇಳುವ ಕ್ರಿಯಾಟಿನಿನ್ 1.2 ಎಂದಿದ್ದರೆ ಅದರ ತಂದೆ ಲ್ಯಾಬಿನ ಫ್ರಿಜ್ಜಿನಲ್ಲಿರುವ ಕ್ಯಾಲಿಬ್ರೇಟರ್ ಎಂಬ ಪುಟ್ಟ ಬಾಟಲಿ. ತನ್ನೊಳಗೆ ಇಷ್ಟಿದೆ ಎಂದು ಅದು ಯಂತ್ರಕ್ಕೆ ಹೇಳಿಕೊಡುತ್ತದೆ. ಯಂತ್ರ ಆ ಮಾತು ನಂಬಿ ಊರವರ ರಕ್ತ ಅಳೆಯುತ್ತದೆ. ಅಜ್ಜ, ಕಂಪನಿಯ ಕಾರ್ಖಾನೆಯಲ್ಲಿರುವ ಮಾಸ್ಟರ್ ಕ್ಯಾಲಿಬ್ರೇಟರ್. ಮುತ್ತಜ್ಜ, ಅಳತೆಯ ಮಾನದಂಡ ಕಾಯುವ ಅಮೆರಿಕದ ನಿಸ್ಟ್ ಸಂಸ್ಥೆಯ ಎಸ್‌ಆರ್‌ಎಂ 967 ಎಂಬ ಘನೀಕರಿಸಿದ ಮಾನವ ಸೀರಂ. ಅದರ ಅಂಕಿಯನ್ನು ನಿರ್ಧರಿಸಿದ್ದು ಐಸೊಟೋಪ್ ಡೈಲ್ಯೂಶನ್ ಮಾಸ್ ಸ್ಪೆಕ್ಟ್ರೋಮೆಟ್ರಿ ಎಂಬ, ಹೆಸರಿನಷ್ಟೇ ಉದ್ದದ ಬಿಲ್ ಬರುವ ವಿಧಾನ. ಎಲ್ಲಕ್ಕೂ ಮೇಲೆ ಮೂಲ ಋಷಿ: ಎಸ್‌ಆರ್‌ಎಂ 914, ಶುದ್ಧ ಕ್ರಿಯಾಟಿನಿನ್ ಹರಳು. ಇಂಥ ವಂಶಗಳ ಪಟ್ಟಿ ಇಡಲಿಕ್ಕೆಂದೇ 2002ರಲ್ಲಿ ಜೆಸಿಟಿಎಲ್‌ಎಂ ಎಂಬ ಅಂತರರಾಷ್ಟ್ರೀಯ ಸಮಿತಿ ಹುಟ್ಟಿದೆ. ನಡುವೆ ಒಂದು ತಲೆಮಾರು ತಪ್ಪಿದರೂ ಅಂಕಿ ಅನಾಥ.

ಅನಾಥ ಮಾಡುವುದಕ್ಕೆ ಹೆಚ್ಚು ಶ್ರಮವೇನೂ ಬೇಡ. ಓಪನ್ ಸಿಸ್ಟಮ್ ಎಂಬ ಉದಾರ ಪದ್ಧತಿ ಇದೆ. ಯಂತ್ರ ಒಂದು ಕಂಪನಿಯದು, ರೀಏಜೆಂಟ್ ಈ ತಿಂಗಳು ಯಾರು ಅಗ್ಗಕ್ಕೆ ಕೊಟ್ಟರೋ ಅವರದು, ಕ್ಯಾಲಿಬ್ರೇಟರ್ ಹೋದ ತಿಂಗಳು ಅಗ್ಗಕ್ಕೆ ಕೊಟ್ಟವರದು. ಮೂರೂ ಒಬ್ಬರನ್ನೊಬ್ಬರು ಮೊದಲ ಸಲ ನೋಡುತ್ತಿರುವುದು ನಿಮ್ಮ ರಕ್ತದಲ್ಲೇ. ಅಂಕಿ ಗೊತ್ತಿರುವ ಕಂಟ್ರೋಲ್ ಬಾಟಲಿಯಿಂದ ಯಂತ್ರವನ್ನು ಪರೀಕ್ಷಿಸುವ ಬೆಳಗಿನ ಕ್ಯೂಸಿ ಔಟ್ ಬಂತೋ, ಲೆಕ್ಕದ ಫ್ಯಾಕ್ಟರ್ ಸ್ವಲ್ಪ ತಿದ್ದಿದರಾಯಿತು. ಇನ್ನೂ ಜಾಣರು ಆ ಕಂಟ್ರೋಲ್ ಬಾಟಲಿಯನ್ನೇ ಕ್ಯಾಲಿಬ್ರೇಟರ್ ಮಾಡಿಕೊಳ್ಳುತ್ತಾರೆ. ಆಮೇಲೆ ಕ್ಯೂಸಿ ಎಂದೂ ಫೇಲಾಗುವುದಿಲ್ಲ.

ಕ್ರಿಯಾಟಿನಿನ್ ಅಳೆಯುವ ವಿಧಾನವೂ ಹಳೆಯ ಮನೆತನದ್ದೇ. 1886ರಲ್ಲಿ ಜಾಫೆ ಎಂಬ ಜರ್ಮನ್ ಪಂಡಿತ ಕ್ರಿಯಾಟಿನಿನ್ನಿಗೆ ಪಿಕ್ರಿಕ್ ಆಮ್ಲ ಸೇರಿಸಿ ಕಿತ್ತಳೆ ಬಣ್ಣ ಬರುವುದನ್ನು ಕಂಡ. ಅಗ್ಗವಾದ್ದರಿಂದ ಇಂದಿಗೂ ಬಹಳ ಕಡೆ ಅದೇ ನಡೆದಿದೆ. ತೊಂದರೆ ಏನೆಂದರೆ ರಕ್ತದ ಪ್ರೋಟೀನು, ಕೀಟೋನು, ಕೆಲವು ಆಂಟಿಬಯೋಟಿಕ್ಕುಗಳೂ ಆ ಬಣ್ಣಕ್ಕೆ ಕೈಜೋಡಿಸುತ್ತವೆ. ಯಂತ್ರ ಎಲ್ಲರನ್ನೂ ಕ್ರಿಯಾಟಿನಿನ್ ಎಂದೇ ಹಾಜರಿ ಹಾಕಿಕೊಳ್ಳುತ್ತದೆ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ಲೆಕ್ಕ ಹಾಕುವ ಎಂಡಿಆರ್‌ಡಿ ಸೂತ್ರದಲ್ಲಿ ಮೊದಲು 186 ಎಂಬ ಗುಣಕ ಇತ್ತು. 2006ರಲ್ಲಿ, ಗೋತ್ರ ಸರಿಯಿರುವ ಕ್ರಿಯಾಟಿನಿನ್ನಿಗೆ ಹೊಂದಿಸಲು ಅದನ್ನು 175 ಮಾಡಿದರು. ಲ್ಯಾಬ್ ತನ್ನ ಕ್ಯಾಲಿಬ್ರೇಟರ್ ಬದಲಿಸಿ ಸೂತ್ರ ಬದಲಿಸದಿದ್ದರೆ, ಅಥವಾ ಸೂತ್ರ ಬದಲಿಸಿ ಕ್ಯಾಲಿಬ್ರೇಟರ್ ಬದಲಿಸದಿದ್ದರೆ, ಕಿಡ್ನಿಯ ಗಮನಕ್ಕೆ ಬಾರದಂತೆ ಅದರ ದರ್ಜೆ ಬದಲಾಗಿರುತ್ತದೆ.

ಕುತೂಹಲ ತಡೆಯದೆ ಬಡಾವಣೆಯ ಕಲೆಕ್ಷನ್ ಸೆಂಟರಿನಲ್ಲಿ ಕೇಳಿಯೇಬಿಟ್ಟೆ: “ನಿಮ್ಮ ಕ್ರಿಯಾಟಿನಿನ್ ಕ್ಯಾಲಿಬ್ರೇಟರ್ ಯಾವುದಕ್ಕೆ ಟ್ರೇಸಬಲ್ ಅಮ್ಮಾ?” ಕೌಂಟರಿನ ಹುಡುಗಿ ರೇಟ್ ಕಾರ್ಡಿನ ಮೇಲಿಂದ ಕೆಳಗೆ ಬೆರಳಾಡಿಸಿದಳು. “ಆ ಟೆಸ್ಟ್ ಇಲ್ಲಿ ಆಗಲ್ಲ ಅಂಕಲ್, ಮೇನ್ ಬ್ರಾಂಚಿಗೆ ಕಳಿಸ್ಬೇಕು. ಎರಡು ದಿನ ಆಗತ್ತೆ. ಫಾಸ್ಟಿಂಗಲ್ಲಿ ಬಂದಿದೀರಾ?”

ಬಾಗಿಲಲ್ಲಿ ಎನ್‌ಎಬಿಎಲ್ ಎಂಬ ಲ್ಯಾಬ್ ಮಾನ್ಯತೆಯ ದೊಡ್ಡ ಬೋರ್ಡು. ರಿಪೋರ್ಟಿನಲ್ಲಿ ಕೆಲವು ಟೆಸ್ಟುಗಳ ಪಕ್ಕ ಪುಟ್ಟ ನಕ್ಷತ್ರ. ಆ ನಕ್ಷತ್ರದ ಅರ್ಥ ಪುಟದ ಅಡಿಯಲ್ಲಿ, ಇರುವೆ ಓದುವ ಗಾತ್ರದಲ್ಲಿದೆ: ಈ ಟೆಸ್ಟು ಮಾನ್ಯತೆಯ ವ್ಯಾಪ್ತಿಗೆ ಬರುವುದಿಲ್ಲ. ಅದರ ಕೆಳಗೆ ಇನ್ನೊಂದು ಸಾಲು: ಈ ವರದಿ ವೈದ್ಯ-ಕಾನೂನು ಉದ್ದೇಶಕ್ಕಲ್ಲ. ಅಂದರೆ ಕೋರ್ಟಿನಲ್ಲಿ ನಿಲ್ಲುವಷ್ಟು ಗಟ್ಟಿಯಲ್ಲ, ಇನ್ಸುಲಿನ್ ಚುಚ್ಚಿಸಿಕೊಳ್ಳುವಷ್ಟು ಗಟ್ಟಿ.

ವೆಲ್ಲೂರಿನ ಸಿಎಂಸಿ ಆಸ್ಪತ್ರೆ ದೇಶದ ಲ್ಯಾಬುಗಳಿಗೆ ಗುಟ್ಟಿನ ಅಂಕಿಯ ಸ್ಯಾಂಪಲ್ ಕಳಿಸಿ ಪರೀಕ್ಷೆ ಮಾಡುತ್ತದೆ, ಇಕ್ವಾಸ್ ಅಂತ. ಒಳ್ಳೆಯ ವ್ಯವಸ್ಥೆ. ಕೆಲವು ಕಡೆ ಆ ಬಾಟಲಿ ಬಂದ ದಿನ ಲ್ಯಾಬಿನಲ್ಲಿ ಮದುವೆ ಮನೆಯ ಸಡಗರ. ಯಂತ್ರ ತೊಳೆಯುತ್ತಾರೆ, ಹೊಸ ಕ್ಯಾಲಿಬ್ರೇಶನ್ ಮಾಡುತ್ತಾರೆ, ಹಿರಿಯ ಟೆಕ್ನಿಶಿಯನ್ ರಜೆ ಬಿಟ್ಟು ಬರುತ್ತಾನೆ, ಮೂರು ಸಲ ಓಡಿಸುತ್ತಾರೆ, ಪಕ್ಕದೂರಿನ ಲ್ಯಾಬಿಗೆ ಫೋನ್ ಮಾಡಿ “ನಿಮಗೆಷ್ಟು ಬಂತು?” ಎಂದು ವಿಚಾರಿಸುತ್ತಾರೆ. ವೆಲ್ಲೂರಿನ ಬಾಟಲಿಗೆ ಕಾಯಿಲೆಯಿಲ್ಲ, ಆದರೂ ರಾಜೋಪಚಾರ. ಕಾಯಿಲೆಯವನ ಟ್ಯೂಬು ರ‍್ಯಾಕಿನಲ್ಲಿ ಸರದಿ ಕಾಯುತ್ತಿರುತ್ತದೆ.

ಕ್ಯಾಲಿಬ್ರೇಶನ್ ಕೊಂಚ ಸರಿದರೆ ಏನಾದೀತು ಎಂದು 2004ರಲ್ಲಿ ನಿಸ್ಟ್ ಒಂದು ಲೆಕ್ಕ ಹಾಕಿಸಿತ್ತು. ಕ್ಯಾಲ್ಸಿಯಂ ಅಂಕಿ ಡೆಸಿಲೀಟರಿಗೆ 0.1ರಿಂದ 0.5 ಮಿಲಿಗ್ರಾಂ ಜಾಸ್ತಿ ತೋರಿಸಿದರೆ, ಇಲ್ಲದ ರೋಗ ಹುಡುಕುವ ಮರುಪರೀಕ್ಷೆಗಳಿಗೆ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 6 ಕೋಟಿಯಿಂದ 20 ಕೋಟಿ ಡಾಲರ್ ಖರ್ಚಾಗಬಹುದಂತೆ. ಇದನ್ನು ನಷ್ಟದ ಪುಟದಲ್ಲಿ ಬರೆದ ವಿಜ್ಞಾನಿಗಳಿಗೆ ವ್ಯಾಪಾರ ಗೊತ್ತಿಲ್ಲ. ನಮ್ಮ ಹೆಲ್ತ್ ಪ್ಯಾಕೇಜಿನವರಾಗಿದ್ದರೆ ಲಾಭದ ಪುಟದಲ್ಲಿ ಬರೆದು, ಜೊತೆಗೆ ವಿಟಮಿನ್ ಡಿ ಉಚಿತ ಎಂದು ಪ್ರಕಟಿಸುತ್ತಿದ್ದರು.

ಚಿನ್ನದ ವಿಷಯದಲ್ಲಿ ನಾವು ಹೀಗೆ ಅಸಡ್ಡೆ ಮಾಡಿದವರಲ್ಲ. 2019ರಲ್ಲೇ 9999 ಶುದ್ಧತೆಯ ಚಿನ್ನವನ್ನು ಭಾರತೀಯ ನಿರ್ದೇಶಕ ದ್ರವ್ಯ, ಅಂದರೆ ಅಳತೆಯ ಮಾನದಂಡ, ಎಂದು ಹೊರತಂದೆವು. ಬಳೆ ಪರಿಶುದ್ಧವಾಗಿರಲಿ, ಅದನ್ನು ತೊಟ್ಟ ಕೈಯ ರಕ್ತದ ಮಾತು ಆಮೇಲೆ.

ಮೊನ್ನೆ ಪರಿಚಿತರೊಬ್ಬರ ಮನೆಯಲ್ಲಿ ಯಜಮಾನರ ಕ್ರಿಯಾಟಿನಿನ್ ಒಂದೇ ಬೆಳಿಗ್ಗೆ ಒಂದು ಲ್ಯಾಬಿನಲ್ಲಿ 1.1, ಇನ್ನೊಂದರಲ್ಲಿ 1.5 ಬಂತು. ಇಂಜಿನಿಯರ್ ಅಳಿಯ ಎರಡನ್ನೂ ಕೂಡಿಸಿ ಭಾಗಿಸಿ 1.3 ಎಂದು ತೀರ್ಪು ಕೊಟ್ಟ. ಅಷ್ಟಕ್ಕೆ ರಿಪೋರ್ಟಿನಲ್ಲಿ ಎಚ್ಚರಿಕೆಯ ದಪ್ಪಕ್ಷರ ಬೀಳುವುದಿಲ್ಲ, ಭಾನುವಾರದ ಮಟನ್ ಉಳಿಯಿತು ಎಂದು ಮನೆಯವರಿಗೆ ಸಮಾಧಾನ. ಡಾಕ್ಟರು ನಕ್ಕು, ಮೂರನೆಯ ಲ್ಯಾಬಿಗೆ ಬರೆದುಕೊಟ್ಟರು. ಅದು ಅವರ ಕ್ಲಿನಿಕ್ಕಿನ ಕೆಳಗಿನ ಮಹಡಿಯಲ್ಲೇ ಇತ್ತು. ಅಲ್ಲಿ 1.6. ಎರಡಕ್ಕೆ ಒಂದರ ಬಹುಮತದಿಂದ ಮಾತ್ರೆ ಶುರುವಾಯಿತು.