ಚಳಿಗಾಲದ ಗುಡ್ಡಚಿತ್ರ ಮೀಮಾಂಸೆ

ಹೊಸದಾಗಿ ಕ್ಯಾಮೆರಾ ಕೊಂಡು, ಮಾರ್ಗಶಿರ-ಪುಷ್ಯ ಮಾಸಗಳ ನಸುಕಿನಲ್ಲಿ ಮಂಕಿ ಕ್ಯಾಪು ಧರಿಸಿ, ಮನೆಯವರ ಬೈಗುಳವನ್ನು ಲೆಕ್ಕಿಸದೆ ಗುಡ್ಡದ ಕಡೆಗೆ ಹೊರಡುವ ವ್ಯಕ್ತಿಯನ್ನು ಈ ಶಾಸ್ತ್ರದಲ್ಲಿ ‘ನವಛಾಯಾಗ್ರಾಹಕ’ ಎಂದು ಕರೆಯಲಾಗುತ್ತದೆ. ಚಳಿಗಾಲದ ಪರ್ವತವೆಂದರೆ ಕ್ಯಾಲೆಂಡರಿನಲ್ಲಿರುವಂತೆ ಬೆಳ್ಳಗಿರಲೇಬೇಕು ಎಂಬುದು ಈತನ ಪೂರ್ವಪಕ್ಷ, ಅಂದರೆ ಮುಂದೆ ಖಂಡಿಸಲೆಂದೇ ಮೊದಲು ಮಂಡಿಸುವ ವಾದ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಎಂಥ ಚಳಿಯಲ್ಲೂ ಹಿಮ ಬೀಳದಿರುವುದರಿಂದ ಈ ವಾದವು ಸೂರ್ಯೋದಯಕ್ಕೆ ಮೊದಲೇ ಬಿದ್ದುಹೋಗುತ್ತದೆ.

ಆದರೆ ಹಿಮಕ್ಕೆ ಬದಲಾಗಿ ಮಂಜುಂಟು. ಮೋಡವಿಲ್ಲದ ರಾತ್ರಿಯಲ್ಲಿ ನೆಲವು ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾದಾಗ, ಘಟಪ್ರಭಾ ನದಿಯ ನೀರುಂಡ ಹೊಲಗಳ ತೇವವು ನೆಲಮಟ್ಟದಲ್ಲೇ ಸಣ್ಣ ಹನಿಗಳಾಗಿ ತೇಲುತ್ತದೆ. ಇದನ್ನು ಸೆರೆಹಿಡಿದರೆ ಚಿತ್ರ ಬೂದಿಬಣ್ಣಕ್ಕೆ ತಿರುಗುತ್ತದೆ, ಏಕೆಂದರೆ ಕ್ಯಾಮೆರಾದ ಬೆಳಕುಮಾಪಕವು ಎದುರಿಗಿರುವ ದೃಶ್ಯವೆಲ್ಲ ಸರಾಸರಿ ಶೇಕಡಾ 18ರಷ್ಟು ಬೆಳಕನ್ನು ಹಿಂತಿರುಗಿಸುತ್ತದೆಂದು ನಂಬಿದ್ದು, ಬಿಳಿ ಮಂಜನ್ನು ಕಂದಿಸಿ, ಕಪ್ಪು ಎರೆಮಣ್ಣನ್ನು ತಿಳಿಗೊಳಿಸಿ, ಎರಡಕ್ಕೂ ಒಂದೇ ಬೂದಿ ಬಳಿಯುತ್ತದೆ. ಎಕ್ಸ್‌ಪೋಷರನ್ನು, ಅಂದರೆ ಒಳಗೆ ಬಿಡುವ ಬೆಳಕಿನ ಪ್ರಮಾಣವನ್ನು, ಒಂದು ಸ್ಟಾಪ್ ಏರಿಸುವುದೇ ಮಂಜಿನ ಚಿತ್ರಕ್ಕೆ ಪರಿಹಾರ. ಒಂದು ಸ್ಟಾಪ್ ಎಂದರೆ ಬೆಳಕಿನ ಇಮ್ಮಡಿ. ನವಛಾಯಾಗ್ರಾಹಕನಾದರೋ ಮೊದಲು ಲೆನ್ಸನ್ನು ಅಂಗಿಯ ತುದಿಯಿಂದ ಒರೆಸಿ, ಬಳಿಕ ಕ್ಯಾಮೆರಾ ಮಾರಿದವನನ್ನು ಶಪಿಸಿ, ಕೊನೆಗಷ್ಟೇ ‘ಪ್ಲಸ್’ ಗುರುತಿನ ಬಳಿಗೆ ಬರುತ್ತಾನೆ.

ಇನ್ನು ‘ಅಂತರಾಯ’, ಅಂದರೆ ಗುಡ್ಡಕ್ಕೂ ಕ್ಯಾಮೆರಾಕ್ಕೂ ನಡುವೆ ಬರುವ ವಸ್ತುವಿನ ವಿಚಾರ. ಇದು ತಾಲೂಕಿಗೊಂದು ಬಗೆ. ಗೋಕಾಕದಲ್ಲಿ ತಂತಿ ಅಡ್ಡ ಬರುತ್ತದೆ. 1887ರಷ್ಟು ಹಿಂದೆಯೇ ಜಲಪಾತದಿಂದ ವಿದ್ಯುತ್ ತೆಗೆದ ಖ್ಯಾತಿಯ ಊರಿನಲ್ಲಿ ತಂತಿಯ ಹಿರಿತನವನ್ನು ಪ್ರಶ್ನಿಸುವಂತಿಲ್ಲ. ಶಟರನ್ನು ಒಂದೆರಡು ಸೆಕೆಂಡ್ ತೆರೆದಿಟ್ಟು ಬೀಳುವ ನೀರನ್ನು ಹಾಲಾಗಿಸಬೇಕೆಂಬ ವಿಧಿಯೂ ಇಲ್ಲಿ ನಡೆಯದು, ಏಕೆಂದರೆ ಮಳೆಗಾಲದಲ್ಲಿ 52 ಮೀಟರ್ ಕೆಳಕ್ಕೆ ಭೋರ್ಗರೆಯುವ ನದಿ ಚಳಿಗಾಲದಲ್ಲಿ ಮರಳುಗಲ್ಲಿನ ಮೇಲೆ ಎಳೆಎಳೆಯಾಗಿ ಇಳಿಯುವುದರಿಂದ ಹಾಲಿಗೆ ನೀರೇ ಸಾಲದು. ಮೂಡಲಗಿಯ ಸೀಮೆಯಲ್ಲಿ ಅಂತರಾಯವೆಂದರೆ ಕಬ್ಬು. ಅದನ್ನು ಕಡಿಯುವ ತನಕ ಗುಡ್ಡ ಕಾಣುವುದಿಲ್ಲ. ಕಡಿದ ಮೇಲೆ ಅಲ್ಲಿ ಗುಡ್ಡವೇ ಇರಲಿಲ್ಲವೆಂದು ತಿಳಿಯುತ್ತದೆ.

ಹುಕ್ಕೇರಿ ತಾಲೂಕಿನ ವಲ್ಲಭಗಡವು ಕೋಟೆಯನ್ನು ಹೊತ್ತ ನಿಜವಾದ ಗುಡ್ಡವಾಗಿರುವುದರಿಂದ ಶಾಸ್ತ್ರಕ್ಕೆ ಅಲ್ಲಿ ಬಲ ಬರುತ್ತದೆ. ಟ್ರೈಪಾಡ್, ಅಂದರೆ ಮೂರು ಕಾಲುಗಳಲ್ಲಿ ಒಂದು ಸದಾ ಗಿಡ್ಡವಾಗಿರುವ ಆಸರೆ, ನೆಟ್ಟಗೆ ನಿಂತು, ಮಂಜು ಹರಿದು, ಹೊಂಬಿಸಿಲು ಕೋಟೆಯ ಗೋಡೆಗೆ ತಾಗುವ ಕ್ಷಣಕ್ಕೆ ಸರಿಯಾಗಿ, ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರ್ ಸಂಕೇಶ್ವರದ ಸಕ್ಕರೆ ಕಾರ್ಖಾನೆಯ ಕಡೆಗೆ ಹಾಡು ಹಚ್ಚಿಕೊಂಡು ಬಂದು ಎದುರಿಗೇ ನಿಲ್ಲುತ್ತದೆ. ಹತ್ತಿರದ ವಸ್ತು ದೊಡ್ಡದಾಗಿ ಕಾಣುತ್ತದೆಂಬ ನಿಯಮದಂತೆ ಗುಡ್ಡವು ಹೇರಿನ ಹಿಂದೆ ಮರೆಯಾಗುತ್ತದೆ. ಆಗ ಚಾಲಕನು “ಏ ತಮ್ಮಾ, ಗುಡ್ಡಾ ಎಲ್ಲಿ ಓಡಿ ಹೊಕ್ಕೈತಿ? ಮೊದ್ಲ ನಂದೊಂದ್ ಫೋಟೋ ಹೊಡಿ” ಎಂದು ನುಡಿಯುವುದನ್ನು ಆಪ್ತವಾಕ್ಯವೆಂದು, ಅಂದರೆ ಬಲ್ಲವರ ಮಾತೇ ಆದ ಪ್ರಮಾಣವೆಂದು, ಸ್ವೀಕರಿಸಬೇಕಾಗುತ್ತದೆ.

ಇದರಿಂದ ಹೊರಡುವ ಸಿದ್ಧಾಂತವಿಷ್ಟು: ಹಿಮಾಲಯದಲ್ಲಿ ಚಳಿಗಾಲಕ್ಕೆ ಹಿಮ ಸಾಕ್ಷಿಯಾದರೆ ಈ ಸೀಮೆಯಲ್ಲಿ ಕಬ್ಬಿನ ಹೇರು ಸಾಕ್ಷಿ, ಬರಿಯ ಗುಡ್ಡದ ಚಿತ್ರವನ್ನು ತೋರಿಸಿ ಅದು ಚೈತ್ರದ್ದಲ್ಲವೆಂದು ಯಾರೂ ಸಾಧಿಸಲಾರರು. ಆದುದರಿಂದ ಅಂತರಾಯವೆಂದು ಬೈಸಿಕೊಂಡದ್ದೇ ಚಿತ್ರದ ವಸ್ತು, ಗುಡ್ಡ ಅದರ ಹಿನ್ನೆಲೆ. ಫಲಶ್ರುತಿಯಾಗಿ ಚಾಲಕನ ವಾಟ್ಸಾಪಿಗೆ ಹೊಸ ಡಿಪಿಯೂ ನವಛಾಯಾಗ್ರಾಹಕನಿಗೆ ಹೇರಿನಿಂದ ಹಿರಿದ ಎರಡು ಕಬ್ಬೂ ಪ್ರಾಪ್ತವಾಗುತ್ತವೆ. ಕ್ಯಾಮೆರಾದ ಕಂತು ತೀರಿಸಲು ಇಂಥ ಎಷ್ಟು ಕಬ್ಬು ಬೇಕೆಂಬುದು ಅರ್ಥಶಾಸ್ತ್ರಕ್ಕೆ ಸೇರಿದ ವಿಷಯವಾದುದರಿಂದ ಇಲ್ಲಿ ಕೈಬಿಡಲಾಗಿದೆ.