ಬಾಣಂತಿ ಕೋಣೆಯ ತೂಕ-ಅಳತೆ ಇನ್‌ಸ್ಪೆಕ್ಟರರಿಗೆ

ಪೂಜ್ಯ ದೊಡ್ಡಮ್ಮ, ಚಿಕ್ಕಮ್ಮ, ಸೋದರತ್ತೆಯರಿಗೂ ಬಾಗಿಲಲ್ಲೇ ನಿಂತು ತಲೆಯಾಡಿಸುವ ಮಾವಂದಿರಿಗೂ ಸಾಷ್ಟಾಂಗ ನಮಸ್ಕಾರಗಳು.

ಮಗು ಹುಟ್ಟಿ ಇನ್ನೂ ಒಂದು ದಿನವಾಗಿಲ್ಲ, ಆಗಲೇ ತಮ್ಮ ತಪಾಸಣೆ ಮುಗಿದಿದೆ. ತಕ್ಕಡಿ 2.3 ಕೆಜಿ ಅಂದಿತು. ತಾವು ಮಗುವನ್ನು ಒಂದು ಸಲ ನೋಡಿದಿರಿ, ತಾಯಿಯನ್ನು ಎರಡು ಸಲ. "ಇವಳು ಸರಿಯಾಗಿ ತಿಂದಿಲ್ಲ" ಎಂದು ತೀರ್ಪು ಬಂತು. ಏಳನೇ ತಿಂಗಳಲ್ಲಿ "ಜಾಸ್ತಿ ತಿನ್ನಬೇಡ, ಮಗು ದಪ್ಪಗಾದರೆ ಸಿಸೇರಿಯನ್ನೇ ಗತಿ" ಎಂದು ಅವಳ ತಟ್ಟೆಯ ಮುದ್ದೆಯಲ್ಲಿ ಅರ್ಧ ಮುರಿದು ತೆಗೆದವರೂ ತಾವೇ ಎಂದು ನೆನಪಿಸುವ ಅಧಿಕಪ್ರಸಂಗ ನನಗೆ ಬೇಡ.

ಆದರೆ ಮುಖ್ಯ ಸಾಕ್ಷಿಯನ್ನೇ ತಾವು ಕರೆಯಲಿಲ್ಲ. ಹೆರಿಗೆಯಾದ ಮೇಲೆ ಆಸ್ಪತ್ರೆಯ ಹಳದಿ ಚೀಲ ಸೇರಿತಲ್ಲ, ಆ ಮಾಸು. ಸುಮಾರು ಅರ್ಧ ಕೆಜಿ ತೂಗುವ ಅಂಗ. ಮೊದಲ ತಿಂಗಳುಗಳಲ್ಲಿ ಅದರ ಜೀವಕೋಶಗಳು ಗರ್ಭಕೋಶದ ಗೋಡೆಗೆ ನುಗ್ಗಿ ಅಲ್ಲಿನ ಸುರುಳಿ ರಕ್ತನಾಳಗಳನ್ನು ಅಗಲ ಮಾಡುತ್ತವೆ. ಆ ಕೆಲಸ ನೆಟ್ಟಗಾದರೆ ದಿನ ತುಂಬುವ ಹೊತ್ತಿಗೆ ನಿಮಿಷಕ್ಕೆ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಗರ್ಭಕೋಶಕ್ಕೆ ಹರಿಯುತ್ತದೆ. ಕೆಟ್ಟರೆ ತಾಯಿಗೆ ಬಿಪಿ ಏರಬಹುದು, ಮಗು ಸೊರಗಬಹುದು. ಆಗ ಅವಳು ಬಾದಾಮಿ ಹಾಲನ್ನು ಬಿಂದಿಗೆಗಟ್ಟಲೆ ಕುಡಿದರೂ ಕಾಲುವೆಯೇ ಕಿರಿದು. ಇನ್ನೊಂದು ಮಾತು, ಸ್ವಲ್ಪ ಸೂಕ್ಷ್ಮದ್ದು: ಮಾಸು ಬೆಳೆಯುವುದು ಭ್ರೂಣದ ಕಡೆಯಿಂದ, ಅದರ ವಂಶವಾಹಿಗಳಲ್ಲಿ ಅರ್ಧ ಅಪ್ಪನವು. ತಮ್ಮ ಸುಪುತ್ರನ ಕಡೆ ಒಂದು ಕಣ್ಣಾದರೂ ಹೊರಳಿದ್ದನ್ನು ನಾನು ಕಾಣೆ.

ಪಕ್ಕದ ಮಂಚದ 4.2 ಕೆಜಿ ಮಗುವಿಗೆ ಮಾತ್ರ "ರಾಜಕುಮಾರ" ಎಂದು ನೆಟಿಕೆ ಮುರಿದಿರಿ. ಆ ತಾಯಿಗೆ ಬಸಿರಿನಲ್ಲಿ ಸಕ್ಕರೆ ಕಾಯಿಲೆ. ಸಕ್ಕರೆ ಮಾಸನ್ನು ದಾಟುತ್ತದೆ, ತಾಯಿಯ ಇನ್ಸುಲಿನ್ ದಾಟದು. ಒಳಗಿದ್ದ ಮಗು ತಾನೇ ಹೆಚ್ಚು ಇನ್ಸುಲಿನ್ ಸುರಿಸಿ ಕೊಬ್ಬು ತುಂಬಿಕೊಂಡಿತು. ತಾವು ಅದರ ಗುಂಡು ಕೆನ್ನೆ ಸವರುತ್ತಿದ್ದಾಗ ನರ್ಸಮ್ಮ ಹಿಮ್ಮಡಿ ಚುಚ್ಚಿ, ರಕ್ತದಲ್ಲಿ ಸಕ್ಕರೆ ಕುಸಿದಿದೆಯೇ ಎಂದು ನೋಡುತ್ತಿದ್ದರು.

ತೂಕದ ಮೇಲೆ ಇಷ್ಟು ಭಕ್ತಿಯಿದ್ದರೆ ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯ ಕಥೆ ಕೇಳಿ. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕವನ್ನು ದಫ್ತರದಲ್ಲಿ ಬರೆದಿಟ್ಟಿದ್ದರು. ಆ ಮಕ್ಕಳು ನಡುವಯಸ್ಸು ಮುಟ್ಟಿದ ಮೇಲೆ ಹುಡುಕಿ ಪರೀಕ್ಷಿಸಿದಾಗ, ಹೃದಯದ ಕಾಯಿಲೆ ಹೆಚ್ಚು ಕಂಡದ್ದು ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ; ಅದರಲ್ಲೂ ಬಸಿರಿನಲ್ಲೇ 45 ಕೆಜಿ ಮುಟ್ಟದಿದ್ದ ತಾಯಂದಿರ ಮಕ್ಕಳಲ್ಲಿ.

ತಾಯಿಯ ಎತ್ತರ, ಅವಳ ಮೈಯಲ್ಲಿರುವ ರಕ್ತ ಒಂಬತ್ತು ತಿಂಗಳಲ್ಲಿ ಕೂಡಿಬರುವಂಥವಲ್ಲ. ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಎನ್ನುತ್ತದೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಎಲ್ಲರೂ ಉಂಡೆದ್ದ ಮೇಲೆ ಪಾತ್ರೆ ಬಳಿದು ಉಂಡು ಬೆಳೆದ ಹುಡುಗಿಯ ಹಳೇ ಬಾಕಿಯನ್ನು ಸೀಮಂತದ ಒಂದೇ ಮಧ್ಯಾಹ್ನ ಐದು ಬಗೆಯ ಚಿತ್ರಾನ್ನ ಬಡಿಸಿ ಚುಕ್ತಾ ಮಾಡುವ ತಮ್ಮ ಲೆಕ್ಕಕ್ಕೆ ಯಾವ ಆಡಿಟರನೂ ಸಹಿ ಹಾಕಲಾರ.

ಆದ್ದರಿಂದ ಬಿನ್ನಹ. ಮುಂದಿನ ಭೇಟಿಗೆ ಬಿಸ್ಕತ್ತಿನ ಪೊಟ್ಟಣ ಬೇಡ. ತಮ್ಮ ಮನೆಯಲ್ಲೇ ಹತ್ತು ವರ್ಷದ ಮೊಮ್ಮಗಳಿದ್ದಾಳೆ. ಅವಳ ಅಣ್ಣನಿಗೆ ಬಡಿಸುವ ಎರಡು ಮೊಟ್ಟೆಯಲ್ಲಿ ಒಂದನ್ನು ಇವತ್ತು ರಾತ್ರಿಯಿಂದಲೇ ಅವಳ ತಟ್ಟೆಗೆ ಹಾಕಿ.

ಇಂತಿ,
ಹಣ್ಣಿನ ಚೀಲ ಹಿಡಿದು ತಮ್ಮ ಹಿಂದೆ ನಿಂತಿದ್ದವನು